ಗಾಳಿ ಪರೀಕ್ಷಿಸುವ ಲ್ಯಾಬ್‌ಗೂ ಒಂದು ಪರೀಕ್ಷೆ ಇರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಬೆಳಗಾವಿ ಪುಟದಲ್ಲಿ ಒಂದು ಸಣ್ಣ ಸುದ್ದಿ ಬಂದಿತ್ತು. ಉದ್ಯಮಬಾಗ ಕೈಗಾರಿಕಾ ಪ್ರದೇಶದ ಪಕ್ಕದ ಬಡಾವಣೆಯಲ್ಲಿ ಗಾಳಿ ಪರೀಕ್ಷೆ ಮಾಡಿಸಿದ್ದಾರೆ, ಬೆಂಜೀನ್ ಪತ್ತೆಯಾಗಿಲ್ಲ, ಜನ ಹೆದರಬೇಕಾಗಿಲ್ಲ ಅಂತ. ಆ ಬಡಾವಣೆ ನಮ್ಮದೇ. ಆ ಪರೀಕ್ಷೆಗೆ ಮನೆಮನೆ ತಿರುಗಿ ಪಟ್ಟಿ ಎತ್ತಿದವರಲ್ಲಿ ನಾನೂ ಒಬ್ಬ. 42 ಮನೆ, ಮನೆಗೆ 500 ರೂಪಾಯಿ. ನಿಮ್ಮ ವರದಿಗಾರರ ಕೈಗೆ ಸಿಕ್ಕಿದ್ದು ಜನವರಿಯ ಹಳೆ ರಿಪೋರ್ಟು. ಆಮೇಲೆ ಏನಾಯಿತು ಅನ್ನೋದು ಅವರಿಗೆ ಯಾರೂ ಹೇಳಿಲ್ಲ ಅಂತ ಕಾಣುತ್ತದೆ. ಅದನ್ನು ಹೇಳೋಕೆ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕತ್ತರಿಸಬೇಡಿ.

ಮೊದಲು ನನ್ನ ವಿಷಯ. ನಾನು 24 ವರ್ಷ ಬೆಳಗಾವಿಯ ಒಂದು ಫೌಂಡ್ರಿಯ, ಅಂದರೆ ಕಬ್ಬಿಣ ಎರಕದ ಕಾರ್ಖಾನೆಯ, ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡಿದವನು. ಫೌಂಡ್ರಿಯ ಅನ್ನ ಉಂಡಿದ್ದೇನೆ, ಮಕ್ಕಳನ್ನು ಓದಿಸಿದ್ದೇನೆ. ಫೌಂಡ್ರಿ ಮುಚ್ಚಬೇಕು ಅಂತ ನಾನು ಯಾವತ್ತೂ ಹೇಳಿಲ್ಲ, ಈಗಲೂ ಹೇಳಲ್ಲ. ಆದರೆ ಸಂಜೆ ಏಳರ ಮೇಲೆ ನಮ್ಮ ಓಣಿಗೆ ಬರುವ ಆ ಘಾಟು ಏನು ಅಂತ ನನಗೆ ಚೆನ್ನಾಗಿ ಗೊತ್ತು. ಕಾಸ್ಟಿಂಗಿನ ಒಳಗಿನ ಟೊಳ್ಳಿಗೆ ಇಡುವ ಮರಳಿನ ಕೋರ್ ಮಾಡುವಾಗ ಅದು ಗಟ್ಟಿಯಾಗಲಿ ಅಂತ ರೆಸಿನ್ ಅನ್ನೋ ಅಂಟು ಹಾಕುತ್ತಾರೆ. ಹಸಿ ಮರಳಿನ ಮೋಲ್ಡ್, ಅಂದರೆ ಅಚ್ಚು, ಆದರೆ ಕಲ್ಲಿದ್ದಲ ಪುಡಿ ಬೆರೆಸುತ್ತಾರೆ. ಅದರ ಮೇಲೆ 1400 ಡಿಗ್ರಿ ಹತ್ತಿರದ ಕರಗಿದ ಕಬ್ಬಿಣ ಹೊಯ್ದಾಗ ಈ ರೆಸಿನ್, ಕಲ್ಲಿದ್ದಲು ಪೂರ್ತಿ ಉರಿಯೋಕೆ ಒಳಗೆ ಗಾಳಿ ಸಾಲುವುದಿಲ್ಲ. ಅರೆಬೆಂದು ಒಡೆಯುತ್ತವೆ. ಬೆಂಜೀನ್, ಟಾಲ್ವೀನ್, ಜೈಲೀನ್, ಫಾರ್ಮಾಲ್ಡಿಹೈಡ್, ಜೊತೆಗೆ ಬೆಂಜೋಪೈರೀನ್ ಥರದ ಹೊಗೆಯ ವಸ್ತುಗಳು ಹೊರಗೆ ಬರುತ್ತವೆ. ಹೊಯ್ಯುವಾಗ, ಆರುವಾಗ, ಕೊನೆಗೆ ಮೋಲ್ಡ್ ಒಡೆದು ಕಾಸ್ಟಿಂಗ್ ತೆಗೆಯುವಾಗ, ಮೂರೂ ಹೊತ್ತು ಬರುತ್ತವೆ. ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತದೆ. ಅದನ್ನೂ ಬೆಂಜೋಪೈರೀನನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲನೇ ಗುಂಪಿನಲ್ಲಿ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಅನ್ನೋ ಪಟ್ಟಿಯಲ್ಲಿ ಇಟ್ಟಿದೆ.

ಮೊಬೈಲ್‌ನಲ್ಲಿ ನೋಡುವ ಗಾಳಿ ಗುಣಮಟ್ಟದ ಸೂಚ್ಯಂಕದಲ್ಲಿ ಇದು ಕಾಣಲ್ವಾ ಅಂತ ಬಹಳ ಜನ ಕೇಳುತ್ತಾರೆ. ಕಾಣಲ್ಲ. ನಮ್ಮ ದೇಶದ ಆ ಸೂಚ್ಯಂಕ ಲೆಕ್ಕಕ್ಕೆ ತಗೊಳ್ಳೋದು 8 ವಸ್ತುಗಳನ್ನು, ಬೆಂಜೀನ್ ಅದರಲ್ಲಿ ಇಲ್ಲ. 2009ರ ನವೆಂಬರಿನಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೊರಡಿಸಿದ ಮಾನದಂಡದಲ್ಲಿ 12 ವಸ್ತುಗಳಿವೆ, ಬೆಂಜೀನ್ ಮತ್ತು ಬೆಂಜೋಪೈರೀನ್ ಇರೋದು ಅಲ್ಲಿ. ಬೆಂಜೀನ್ ವರ್ಷದ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ದಾಟಬಾರದು. ಬೆಂಜೋಪೈರೀನ್ 1 ನ್ಯಾನೋಗ್ರಾಂ, ಅಂದರೆ ಮೈಕ್ರೋಗ್ರಾಮಿನ ಸಾವಿರದಲ್ಲೊಂದು ಪಾಲು. ಇಷ್ಟು ಸಣ್ಣ ಅಂಕಿಯನ್ನು ಹಿಡಿಯೋದು ಧೂಳು ತೂಗಿದ ಹಾಗಲ್ಲ. ಮಶೀನು ಬೇಕು, ಕೈ ಪಳಗಿರಬೇಕು, ಎಲ್ಲಕ್ಕಿಂತ ಜಾಸ್ತಿ ತಾಳ್ಮೆ ಬೇಕು.

2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಯೋಜನೆಯಲ್ಲಿ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವೆ. ಬೆಳಗಾವಿ ಇಲ್ಲ. ಹಾಗಾಗಿ ನಾವೇ ದುಡ್ಡು ಹಾಕಿದೆವು.

ಜನವರಿಯಲ್ಲಿ ಬೇರೆ ಊರಿನ ಒಂದು ಲ್ಯಾಬಿನವರು ಬಂದರು. ಹೆಸರು ಹೇಳಲ್ಲ, ಅದರ ಅಗತ್ಯವೂ ಇಲ್ಲ. ಒಬ್ಬನೇ ಹುಡುಗ, ಸ್ಕೂಟರ್ ಮೇಲೆ ಬಂದ. ಬೆಳಗ್ಗೆ 11ಕ್ಕೆ ನಮ್ಮ ಮಾಳಿಗೆ ಮೇಲೆ ಸಣ್ಣ ಪಂಪಿಗೆ ಇದ್ದಿಲು ತುಂಬಿದ ಗಾಜಿನ ಟ್ಯೂಬ್ ಜೋಡಿಸಿದ, ಮಧ್ಯಾಹ್ನ 3ಕ್ಕೆ ಬಿಚ್ಚಿದ. ನಿಮಿಷಕ್ಕೆ 200 ಮಿಲಿಲೀಟರ್ ಗಾಳಿ ಎಳೆಯುತ್ತದೆ ಅಂದ. ಪಂಪು ಹಾಕುವ ಮುಂಚೆ ಅದರ ಹರಿವನ್ನು ಅಳೆದು ನೋಡಲಿಲ್ಲ, ಬಿಚ್ಚುವಾಗಲೂ ನೋಡಲಿಲ್ಲ. ಟ್ಯೂಬನ್ನು ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಹೋದ. ಪೆಟ್ರೋಲಿನಲ್ಲಿ ಶೇ 1ರವರೆಗೂ ಬೆಂಜೀನ್ ಇರಬಹುದು ಅಂತ ನಿಯಮವೇ ಇದೆ, ಡಿಕ್ಕಿಯ ಪಕ್ಕವೇ ಪೆಟ್ರೋಲ್ ಟ್ಯಾಂಕು. ಹಣೆಗೆ ಕೈ ಹಚ್ಚಿಕೊಂಡೆ, ಆದರೆ ಅವತ್ತು ಬಾಯಿ ತೆರೆಯಲಿಲ್ಲ. ಅದು ನನ್ನ ತಪ್ಪು. ಬೆಂಜೋಪೈರೀನಿಗಾಗಿ ಧೂಳು ಹಿಡಿದ ಫಿಲ್ಟರ್ ಹಾಳೆಯನ್ನು ಬೆಳಕು ತಾಗದ ಹಾಗೆ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ ತಣ್ಣಗೆ ಇಡಬೇಕು, ಬಿಸಿಲು ಬಿದ್ದರೆ ಆ ವಸ್ತು ಒಡೆದು ಹೋಗುತ್ತದೆ. ಹುಡುಗ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹ್ಯಾಂಡಲ್‌ಗೆ ನೇತುಹಾಕಿದ.

ಮೂರು ವಾರಕ್ಕೆ ರಿಪೋರ್ಟು ಬಂತು. ಬೆಂಜೀನ್ ಎದುರು ‘ಬಿಡಿಎಲ್’, ಅಂದರೆ ಬಿಲೋ ಡಿಟೆಕ್ಷನ್ ಲಿಮಿಟ್. ಬೆಂಜೋಪೈರೀನ್ ಎದುರೂ ‘ಬಿಡಿಎಲ್’. ಕೆಳಗೆ ಸಹಿ, ಸೀಲು, ಮೇಲೆ ಬಣ್ಣದ ಲಾಂಛನ. ಓಣಿಯಲ್ಲಿ ಖುಷಿಯೋ ಖುಷಿ. ಫೌಂಡ್ರಿಯವರೂ ಅದರ ಜೆರಾಕ್ಸ್ ಇಟ್ಟುಕೊಂಡರು.

ನನಗೆ ಸಮಾಧಾನ ಆಗಲಿಲ್ಲ. ಬೆಂಗಳೂರಿನಲ್ಲಿ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ನನ್ನ ಅಕ್ಕನ ಮಗಳು, ವಸ್ತುಗಳನ್ನು ಬೇರ್ಪಡಿಸಿ ಒಂದೊಂದೂ ಹೊರಬರುವ ಹೊತ್ತು ನೋಡಿ ಗುರುತಿಸುವ ಗ್ಯಾಸ್ ಕ್ರೊಮಾಟೋಗ್ರಾಫ್ ಮಶೀನಿನ ಮೇಲೇ ಕೆಲಸ ಮಾಡುತ್ತಾಳೆ. ಅವಳಿಗೆ ರಿಪೋರ್ಟಿನ ಫೋಟೊ ಕಳಿಸಿದೆ. ಐದು ನಿಮಿಷಕ್ಕೆ ಫೋನು ಬಂತು. ‘ಮಾಮಾ, ಬಿಡಿಎಲ್ ಅಂದ್ರ ಇಲ್ಲಂತ ಅಲ್ರಿ, ಅವರ ಮಶೀನಿಗೆ ಕಾಣಲಿಲ್ಲಂತ. ಎಷ್ಟಿದ್ರ ಕಾಣತೈತಿ ಅಂತ ಕೇಳ್ರಿ ಮೊದಲ’ ಅಂದಳು.

ಕೇಳಿದೆ. ಮೂರು ಸಲ ಫೋನು ಮಾಡಿದ ಮೇಲೆ ಲ್ಯಾಬಿನವರು ಉತ್ತರ ಕೊಟ್ಟರು. ಟ್ಯೂಬಿನ ಮೇಲೆ ಕಡಿಮೆ ಅಂದರೂ 1 ಮೈಕ್ರೋಗ್ರಾಂ ಬೆಂಜೀನ್ ಇದ್ದರೆ ಅವರು ಹಿಡಿಯಬಲ್ಲರು. ಈಗ ಲೆಕ್ಕ ಹಾಕಿ. ನಿಮಿಷಕ್ಕೆ 200 ಮಿಲಿಲೀಟರ್, 4 ಗಂಟೆ, ಒಟ್ಟು 48 ಲೀಟರ್ ಗಾಳಿ. ಒಂದು ಘನ ಮೀಟರ್ ಅಂದರೆ 1000 ಲೀಟರ್. 48 ಲೀಟರಿನಲ್ಲಿ 1 ಮೈಕ್ರೋಗ್ರಾಂ ಇದ್ದರೆ ಘನ ಮೀಟರಿಗೆ ಸುಮಾರು 21 ಮೈಕ್ರೋಗ್ರಾಂ ಆಯಿತು. ನಮ್ಮ ಮಿತಿ 5. ಅಂದರೆ ಮಿತಿಯ ನಾಲ್ಕು ಪಟ್ಟು ಬೆಂಜೀನ್ ನಮ್ಮ ಮಾಳಿಗೆ ಮೇಲೆ ಸುಳಿದಾಡುತ್ತಿದ್ದರೂ ಆ ರಿಪೋರ್ಟಿನಲ್ಲಿ ‘ಬಿಡಿಎಲ್’ ಅಂತಲೇ ಬರುತ್ತಿತ್ತು. ಗಾಳಿ ಚೆನ್ನಾಗಿತ್ತೋ ಕೆಟ್ಟಿತ್ತೋ, ಆ ಕಾಗದ ಎರಡನ್ನೂ ಹೇಳಲ್ಲ. ನಿಮ್ಮ ಪತ್ರಿಕೆಯಲ್ಲಿ ಬಂದ ‘ಪತ್ತೆಯಾಗಿಲ್ಲ’ ಅನ್ನೋ ಮಾತಿನ ಬುಡ ಇದು.

ಇನ್ನೊಂದು ವಿಷಯ, 11ರಿಂದ 3. ನಾನು ಕೆಲಸ ಮಾಡಿದ ಕಡೆ ಫರ್ನೇಸ್ ಹಚ್ಚುತ್ತಿದ್ದದ್ದೇ ಸಂಜೆ ಮೇಲೆ, ರಾತ್ರಿ ಕರೆಂಟಿನ ದರ ಕಡಿಮೆ ಅಂತ. ಎರಕ ಹೊಯ್ಯೋದು ರಾತ್ರಿ, ಸ್ಯಾಂಪಲ್ ಹಿಡಿದಿದ್ದು ನಡುಹಗಲು. ಚಳಿಗಾಲದ ರಾತ್ರಿ ಬೆಳಗಾವಿಯಲ್ಲಿ ಗಾಳಿ ಕೆಳಗೇ ನಿಂತುಬಿಡುತ್ತದೆ, ಹೊಗೆ ಮೇಲೆ ಹೋಗಲ್ಲ, ಬೆಳಗಿನ ಜಾವದ ಮಂಜಿನಲ್ಲಿ ವಾಕಿಂಗ್ ಹೋಗುವವರಿಗೆಲ್ಲ ಇದು ಗೊತ್ತು. ಮಾನದಂಡದ ಪ್ರಕಾರ ವರ್ಷದ ಸರಾಸರಿ ಅಂದರೆ ಒಂದು ಜಾಗದಲ್ಲಿ ವಾರಕ್ಕೆ ಎರಡು ಸಲ, ಒಂದೊಂದು ಸಲವೂ 24 ಗಂಟೆ, ವರ್ಷಕ್ಕೆ ಕನಿಷ್ಠ 104 ಅಳತೆ. ನಾವು ಮಾಡಿಸಿದ್ದು ಒಂದು, ಅದೂ 4 ಗಂಟೆ.

ಇಲ್ಲಿ ನನಗೆ ನಮ್ಮ ಫೌಂಡ್ರಿಯ ಸ್ಪೆಕ್ಟ್ರೋ ರೂಮು ನೆನಪಾಯಿತು. ಕಬ್ಬಿಣದಲ್ಲಿ ಕಾರ್ಬನ್ ಎಷ್ಟು, ಸಿಲಿಕಾನ್ ಎಷ್ಟು ಅಂತ ನೋಡುವ ಮಶೀನು ಅದು. ಪ್ರತಿ ಶಿಫ್ಟಿನ ಶುರುವಿಗೆ, ಅಂಶ ಎಷ್ಟಿದೆ ಅಂತ ಮೊದಲೇ ಗೊತ್ತಿರುವ ಸ್ಟ್ಯಾಂಡರ್ಡ್ ತುಂಡನ್ನು ಇಟ್ಟು ಸ್ಪಾರ್ಕ್ ಹೊಡೆಯುತ್ತಿದ್ದೆವು. ಅದರ ಅಂಕಿ ಸರಿ ಬಂದರೆ ಮಾತ್ರ ಮುಂದಿನ ಕೆಲಸ. ಪುಣೆ ಕಡೆಯಿಂದ ಆಡಿಟ್‌ಗೆ ಬರುತ್ತಿದ್ದ ಗಿರಾಕಿಗಳು ಗೋಡೆ ಮೇಲಿನ ಸರ್ಟಿಫಿಕೇಟ್ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕಿಸೆಯಿಂದ ತಮ್ಮದೇ ಒಂದು ತುಂಡು ತೆಗೆದು, ಇದನ್ನು ಎರಡು ಸಲ ಹೊಡೆದು ತೋರಿಸಿ ಅನ್ನುತ್ತಿದ್ದರು. ಒಂದು ಪಂಪ್ ಬಾಡಿ ಕಾಸ್ಟಿಂಗಿಗೆ ಇಷ್ಟು ಎಚ್ಚರ ವಹಿಸುವ ಊರು ನಮ್ಮದು. ಅದೇ ಕೆಲಸವನ್ನು ಗಾಳಿಯ ಲ್ಯಾಬಿಗೂ ಮಾಡೋಣ ಅಂತ ಹೊರಟೆವು.

ಮಾರ್ಚಿನಲ್ಲಿ ಮತ್ತೆ ಪಟ್ಟಿ ಎತ್ತಿದೆವು. ಈ ಸಲ ಕೊಟ್ಟವರು ಕಡಿಮೆ, 26 ಮನೆ. ಮೂರು ಲ್ಯಾಬುಗಳಿಗೆ ಮೊದಲು ಪ್ರಶ್ನೆ ಕಳಿಸಿದೆವು. ಘನ ಮೀಟರಿಗೆ ಎಷ್ಟಿದ್ದರೆ ನಿಮಗೆ ಕಾಣುತ್ತದೆ? ಗಾಳಿ ಎಳೆಯದ ಖಾಲಿ ಟ್ಯೂಬನ್ನೂ ಜೊತೆಗೆ ಒಯ್ದು ಪರೀಕ್ಷೆ ಮಾಡುತ್ತೀರಾ? ಪಂಪಿನ ಹರಿವು ಮೊದಲೂ ಕೊನೆಗೂ ಅಳೆಯುತ್ತೀರಾ? ಬೇರೆ ಲ್ಯಾಬುಗಳ ಜೊತೆ ಹೋಲಿಸುವ ಪರೀಕ್ಷೆಯಲ್ಲಿ ಕೊನೆಯ ಸಲ ನಿಮಗೆ ಎಷ್ಟು ಬಂತು? ಮಶೀನಿನಿಂದ ಬಂದ ಮೂಲ ಗ್ರಾಫು ಕೊಡುತ್ತೀರಾ? ಒಂದು ಲ್ಯಾಬಿನವರು ಸಿಟ್ಟಾದರು. ನಮ್ಮದು ಮಾನ್ಯತೆ ಪಡೆದ ಲ್ಯಾಬು, ಇದನ್ನೆಲ್ಲ ಸಾರ್ವಜನಿಕರಿಗೆ ಹೇಳುವ ಅಗತ್ಯ ಇಲ್ಲ ಅಂದರು. ಅವರನ್ನು ಅಲ್ಲಿಗೇ ಬಿಟ್ಟೆವು. ಇಬ್ಬರು ಉತ್ತರ ಕೊಟ್ಟರು.

ಈ ಮಾನ್ಯತೆ ಅನ್ನೋದರ ಬಗ್ಗೆ ಜನರಲ್ಲಿ ತುಂಬಾ ಗೊಂದಲ ಇದೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ದೇಶದಲ್ಲಿ ಲ್ಯಾಬುಗಳಿಗೆ ಮಾನ್ಯತೆ ಕೊಡೋದು ಎನ್‌ಎಬಿಎಲ್. ಐಎಸ್‌ಒ/ಐಇಸಿ 17025 ಅನ್ನೋ ಮಾನದಂಡದ ಮೇಲೆ, ಈಗ ನಡೆಯುತ್ತಿರೋದು ಅದರ 2017ರ ಆವೃತ್ತಿ. ಆದರೆ ಮಾನ್ಯತೆ ಇಡೀ ಲ್ಯಾಬಿಗೆ ಸಾರಾಸಗಟಾಗಿ ಸಿಗಲ್ಲ. ಯಾವ ಪದಾರ್ಥದಲ್ಲಿ, ಯಾವ ಅಂಶವನ್ನು, ಯಾವ ವಿಧಾನದಲ್ಲಿ, ಎಷ್ಟರಿಂದ ಎಷ್ಟರವರೆಗೆ ಅಳೆಯಬಹುದು ಅಂತ ಒಂದು ಪಟ್ಟಿ ಇರುತ್ತದೆ. ಅದಕ್ಕೆ ಸ್ಕೋಪ್ ಅನ್ನುತ್ತಾರೆ. ಎನ್‌ಎಬಿಎಲ್ ವೆಬ್‌ಸೈಟಿನಲ್ಲಿ ಲ್ಯಾಬಿನ ಹೆಸರು ಹಾಕಿದರೆ ಯಾರು ಬೇಕಾದರೂ ನೋಡಬಹುದು. ಕುಡಿಯುವ ನೀರಿಗೆ, ಗಾಳಿಯ ಧೂಳಿಗೆ ಮಾನ್ಯತೆ ಇದ್ದು ಬೆಂಜೀನಿಗೆ ಇಲ್ಲದೆ ಇರಬಹುದು. ಟ್ಯೂಬ್ ಪರೀಕ್ಷೆಗೆ ಮಾನ್ಯತೆ ಇದ್ದು, ಬಯಲಿಗೆ ಬಂದು ಗಾಳಿ ಹಿಡಿಯುವ ಕೆಲಸಕ್ಕೆ ಇಲ್ಲದೆಯೂ ಇರಬಹುದು. ಮಾನ್ಯತೆ ಇಲ್ಲದ ಪರೀಕ್ಷೆ ಯಾವುದು ಅಂತ ರಿಪೋರ್ಟಿನಲ್ಲಿ ಗುರುತು ಹಾಕಿ ತೋರಿಸಬೇಕು. ನಮ್ಮ ಜನವರಿ ರಿಪೋರ್ಟನ್ನು ಮತ್ತೆ ತೆಗೆದು ನೋಡಿದರೆ ಬೆಂಜೀನ್ ಪಕ್ಕ ಸಣ್ಣ ಚುಕ್ಕಿ ಇತ್ತು, ಕೊನೆಯ ಪುಟದ ಬುಡದಲ್ಲಿ ಅದರ ಅರ್ಥ ಇತ್ತು. ನಾವು ಯಾರೂ ಓದಿರಲಿಲ್ಲ.

ಉತ್ತರ ಕೊಟ್ಟ ಎರಡು ಲ್ಯಾಬುಗಳಲ್ಲಿ ಮೊದಲನೆಯದಕ್ಕೆ ಗಾಳಿಯ ಬೆಂಜೀನಿಗೆ ಪೂರ್ತಿ ಮಾನ್ಯತೆ ಇತ್ತು. ಅವರದು ಇದ್ದಿಲ ಟ್ಯೂಬಿನ ವಿಧಾನ. ಇದ್ದಿಲು ಹೀರಿದ್ದನ್ನು ಕಾರ್ಬನ್ ಡೈಸಲ್ಫೈಡ್ ದ್ರಾವಕದಲ್ಲಿ ಬಿಡಿಸಿ, ಆ ದ್ರಾವಣದ ಒಂದು ಹನಿಗಿಂತಲೂ ಕಡಿಮೆಯನ್ನು ಮಶೀನಿಗೆ ಹಾಕುತ್ತಾರೆ. 1 ಮಿಲಿಲೀಟರ್ ದ್ರಾವಣದಲ್ಲಿ 1 ಮೈಕ್ರೋಲೀಟರ್ ಒಳಗೆ ಹೋದರೆ, ನಾವು ಹಿಡಿದ ಗಾಳಿಯ ಸಾವಿರದಲ್ಲೊಂದು ಪಾಲು ಮಾತ್ರ ಮಶೀನಿಗೆ ಸಿಕ್ಕಂತೆ. ಅದಕ್ಕೇ ಜಾಸ್ತಿ ಗಾಳಿ ಎಳೆಯಬೇಕು. ಎರಡನೆಯ ಲ್ಯಾಬಿನದು ಟ್ಯೂಬನ್ನೇ ಕಾಯಿಸಿ ಒಳಗಿರುವುದನ್ನೆಲ್ಲ ನೇರವಾಗಿ ಮಶೀನಿಗೆ ಬಿಡುವ ವಿಧಾನ, ಥರ್ಮಲ್ ಡಿಸಾರ್ಪ್ಶನ್ ಅಂತಾರೆ. ಅದರಲ್ಲಿ ಕೆಲವೇ ಲೀಟರ್ ಗಾಳಿ ಸಾಕು. ಆದರೆ ಒಂದೇ ಸಲ, ತಪ್ಪಾದರೆ ಮತ್ತೆ ಮಾಡೋಕೆ ಏನೂ ಉಳಿದಿರಲ್ಲ. ಇವರ ಮಶೀನಿಗೆ ಅಣುಗಳ ತೂಕ ನೋಡಿ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿತ್ತು, ಹಾಗಾಗಿ ಬಂದದ್ದು ಬೆಂಜೀನೇ ಹೌದೋ ಅಂತ ಅದರ ಅಣುತೂಕ 78ರ ಗುರುತು ಹಿಡಿದು ಹೇಳಬಲ್ಲರು. ಬರೀ ಹೊತ್ತು ನೋಡಿ ಹೇಳುವ ಮಶೀನಿನಲ್ಲಿ ಅದೇ ಹೊತ್ತಿಗೆ ಹೊರಬರುವ ಬೇರೆ ವಸ್ತುವೂ ಬೆಂಜೀನ್ ಲೆಕ್ಕಕ್ಕೆ ಸೇರಿಬಿಡಬಹುದು. ಆದರೆ ಈ ಎರಡನೇ ಲ್ಯಾಬಿನ ಸ್ಕೋಪ್‌ನಲ್ಲಿ ಗಾಳಿಯ ಬೆಂಜೀನ್ ಇರಲಿಲ್ಲ. ಅದನ್ನು ಅವರೇ ಮೊದಲ ಫೋನಿನಲ್ಲೇ ಹೇಳಿದರು.

ನಾವು ಒಂದೊಂದು ಲ್ಯಾಬಿಗೂ ನಾಲ್ಕು ಟ್ಯೂಬ್ ಕಳಿಸಿದೆವು. ಎರಡು ಟ್ಯೂಬ್ ನಮ್ಮ ಮಾಳಿಗೆ ಮೇಲೆ ಅಕ್ಕಪಕ್ಕ ಹಚ್ಚಿದ್ದು. ಒಂದು ಗಾಳಿಯನ್ನೇ ಎಳೆಯದ ಖಾಲಿ ಟ್ಯೂಬು. ಇನ್ನೊಂದರಲ್ಲಿ ಊರಿನ ಕಾಲೇಜೊಂದರ ಕೆಮಿಸ್ಟ್ರಿ ಮೇಷ್ಟ್ರು ತಮ್ಮ ಲ್ಯಾಬಿನಲ್ಲಿ ಅಳೆದು ಬೆಂಜೀನ್ ಹಾಕಿಕೊಟ್ಟಿದ್ದು, ಇದ್ದಿಲ ಟ್ಯೂಬಿಗೆ 5 ಮೈಕ್ರೋಗ್ರಾಂ, ಇನ್ನೊಂದು ಬಗೆಯ ಟ್ಯೂಬಿಗೆ 100 ನ್ಯಾನೋಗ್ರಾಂ. ನಾಲ್ಕಕ್ಕೂ ಒಂದೇ ಥರದ ಚೀಟಿ, ಬರೀ ನಂಬರು. ಯಾವುದು ಯಾವುದು ಅಂತ ಲ್ಯಾಬಿನವರಿಗೆ ಗೊತ್ತಿಲ್ಲ. ಇದ್ದಿಲ ಟ್ಯೂಬನ್ನು ಈ ಸಲ 24 ಗಂಟೆ ಹಚ್ಚಿದೆವು, 288 ಲೀಟರ್ ಗಾಳಿ. ಅಂದರೆ ಅದೇ 1 ಮೈಕ್ರೋಗ್ರಾಂ ಹಿಡಿಯುವ ಲ್ಯಾಬಿಗೂ ಘನ ಮೀಟರಿಗೆ 3.5ರಷ್ಟಿದ್ದರೆ ಕಾಣುತ್ತದೆ, 5ಕ್ಕಿಂತ ಕೆಳಗೆ ಬಂತು. ಇಷ್ಟು ಗಾಳಿ ಎಳೆದರೆ ಇದ್ದಿಲು ತುಂಬಿ ಬೆಂಜೀನ್ ಆಚೆ ದಾಟಿ ಹೋಗುವ ಭಯವೂ ಇದೆ. ಅದಕ್ಕೇ ಟ್ಯೂಬಿನಲ್ಲಿ ಎರಡು ಭಾಗ ಇರುತ್ತವೆ, ಮುಂದೆ 100 ಮಿಲಿಗ್ರಾಂ ಇದ್ದಿಲು, ಹಿಂದೆ 50. ಹಿಂದಿನ ಭಾಗದಲ್ಲಿ ಸಿಕ್ಕಿದ್ದು ಮುಂದಿನದರ ಶೇ 10 ದಾಟಿದರೆ ಸ್ಯಾಂಪಲ್ ಕೈಬಿಡಬೇಕು. ಬೆಳಗಾವಿಯ ಮಳೆಗಾಲದಲ್ಲಿ ಇದನ್ನು ಇನ್ನೂ ಹುಷಾರಾಗಿ ನೋಡಬೇಕು, ತೇವ ಜಾಸ್ತಿ ಆದಷ್ಟೂ ಇದ್ದಿಲು ಬೆಂಜೀನ್ ಹಿಡಿದಿಡುವ ಶಕ್ತಿ ಕಳೆದುಕೊಳ್ಳುತ್ತದೆ.

ಉತ್ತರ ಬಂತು. ಮಾನ್ಯತೆ ಇದ್ದ ಮೊದಲ ಲ್ಯಾಬು, ಖಾಲಿ ಟ್ಯೂಬಿನಲ್ಲಿ 1.4 ಮೈಕ್ರೋಗ್ರಾಂ ಬೆಂಜೀನ್ ಇದೆ ಅಂತು.

ಗಾಳಿಯನ್ನೇ ಎಳೆಯದ ಟ್ಯೂಬು! ಅದನ್ನು 288 ಲೀಟರಿಗೆ ಹಂಚಿದರೆ ಘನ ಮೀಟರಿಗೆ 4.9 ಮೈಕ್ರೋಗ್ರಾಂ ಆಗುತ್ತದೆ. ಅಂದರೆ ಕಾಡಿನ ನಡುವಿನ ಶುದ್ಧ ಗಾಳಿ ಹಿಡಿದು ಕೊಟ್ಟಿದ್ದರೂ ಅವರ ರಿಪೋರ್ಟು ಮಿತಿಯ ಅಂಚಿಗೆ ಬಂದು ನಿಲ್ಲುತ್ತಿತ್ತು. ಜನವರಿಯ ಲ್ಯಾಬು ಇದ್ದದ್ದನ್ನು ಕಾಣದೆ ಹೋಗಬಹುದಿತ್ತು, ಈ ಲ್ಯಾಬು ಇಲ್ಲದ್ದನ್ನು ಕಂಡಿತು. ಮೊದಲನೆಯದು ನಮ್ಮ ಮಕ್ಕಳಿಗೆ ಅನ್ಯಾಯ. ಎರಡನೆಯದು ಫೌಂಡ್ರಿಯವರಿಗೆ ಅನ್ಯಾಯ, ಅಲ್ಲಿ ದುಡಿಯುವ ಹುಡುಗರ ಹೊಟ್ಟೆಗೂ ಅನ್ಯಾಯ. ಹೀಗಾಗಿ ಲ್ಯಾಬನ್ನು ಪರೀಕ್ಷೆ ಮಾಡೋದು ಬರೀ ನಮ್ಮಂಥ ದೂರುದಾರರ ಕೆಲಸ ಅಂತ ಉದ್ಯಮದವರು ತಿಳಿಯಬಾರದು. ಅವರಿಗೂ ಇದು ಅಷ್ಟೇ ಬೇಕು.

ಬೆಂಜೀನ್ ಹಾಕಿದ್ದ ಟ್ಯೂಬಿಗೆ ಅದೇ ಲ್ಯಾಬು 6.1 ಕೊಟ್ಟಿತ್ತು. ನಾವು ಹಾಕಿದ್ದು 5. ಮೇಷ್ಟ್ರು ಕೂತು ನೋಡಿ, 6.1ರಲ್ಲಿ 1.4 ಕಳೀರಿ ಅಂದರು. 4.7. ಅಂದರೆ ಮಶೀನು ಸರಿ ಇದೆ, ಕೈಯೂ ಸರಿ ಇದೆ, ಎಲ್ಲ ಟ್ಯೂಬಿಗೂ ಎಲ್ಲಿಂದಲೋ 1.4 ಸೇರಿಕೊಳ್ಳುತ್ತಿದೆ. ಲ್ಯಾಬಿನ ಕೆಮಿಸ್ಟ್‌ಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆವು, ಖಾಲಿ ಟ್ಯೂಬ್ ಕಳಿಸಿದ್ದೆವು ಅಂತಲೂ ಹೇಳಿದೆವು. ಬೈಯುತ್ತಾರೆ ಅಂದುಕೊಂಡಿದ್ದೆ. ಎರಡು ದಿನ ಬಿಟ್ಟು ಆ ಹೆಣ್ಣುಮಗಳೇ ಫೋನು ಮಾಡಿದಳು. ಕಾರ್ಬನ್ ಡೈಸಲ್ಫೈಡ್‌ನ ಹೊಸ ಬಾಟಲಿಯಲ್ಲೇ ಬೆಂಜೀನ್ ಕಲಬೆರಕೆ ಇತ್ತು ಸರ್, ಬರೀ ದ್ರಾವಕವನ್ನು ಮಶೀನಿಗೆ ಹಾಕಿ ನೋಡೋದನ್ನು ಆ ಬಾಟಲಿಗೆ ಮಾಡಿರಲಿಲ್ಲ, ತಪ್ಪಾಯಿತು, ಆ ಬಾಟಲಿಯಿಂದ ಮಾಡಿದ ಎಲ್ಲ ರಿಪೋರ್ಟುಗಳನ್ನೂ ವಾಪಸ್ ತಗೊಂಡು ತಿದ್ದುತ್ತಿದ್ದೇವೆ ಅಂದಳು. ಆ ದ್ರಾವಕದಲ್ಲಿ ಬೆಂಜೀನ್ ಸೇರಿರೋದು ಗೊತ್ತಿರುವ ತೊಂದರೆಯೇ, ಅದಕ್ಕೇ ಪ್ರತಿ ಬಾಟಲಿಯನ್ನೂ ನೋಡಬೇಕು. ಆ ಹುಡುಗಿ ಒಪ್ಪಿಕೊಂಡ ರೀತಿಗೆ ನಾನು ಮನಸಾರೆ ಕೈಮುಗಿಯುತ್ತೇನೆ. ಆಮೇಲೆ ಅವರು ಬೇರೆ ಬಾಟಲಿಯಿಂದ ಮಾಡಿಕೊಟ್ಟ ಅಂಕಿಗಳು ಸರಿ ಇದ್ದವು.

ಮಾನ್ಯತೆ ಇಲ್ಲದ ಎರಡನೇ ಲ್ಯಾಬು ಖಾಲಿ ಟ್ಯೂಬಿಗೆ 2 ನ್ಯಾನೋಗ್ರಾಂ ಅಂತು, 100 ಹಾಕಿದ್ದಕ್ಕೆ 91 ಅಂತು. ಅಕ್ಕಪಕ್ಕದ ಎರಡು ಟ್ಯೂಬುಗಳ ನಡುವೆ ಶೇ 10ಕ್ಕಿಂತ ಕಡಿಮೆ ವ್ಯತ್ಯಾಸ. ಇದು ಒಳ್ಳೆಯ ಕೆಲಸ ಅಂತ ಹೇಳೋಕೆ ಒಂದು ಅಳತೆಗೋಲು ಬೇಕಲ್ಲ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಯವರ 1999ರ ಟಿಒ-15 ವಿಧಾನದಲ್ಲಿ ಜೋಡಿ ಅಳತೆಗಳು ಶೇ 25ರ ಒಳಗೆ ಹೊಂದಬೇಕು, ಗೊತ್ತಿರುವ ಸ್ಯಾಂಪಲ್ ಕೊಟ್ಟರೆ ಉತ್ತರ ಶೇ 30ರ ಒಳಗೆ ಬರಬೇಕು, ನೂರು ಕೋಟಿಯಲ್ಲಿ ಅರ್ಧ ಪಾಲು ಇದ್ದರೂ ಕಾಣಬೇಕು ಅಂತಿದೆ. ಬೆಂಜೀನಿಗೆ ಆ ಅರ್ಧ ಪಾಲು ಅಂದರೆ ಘನ ಮೀಟರಿಗೆ ಸುಮಾರು 1.6 ಮೈಕ್ರೋಗ್ರಾಂ. ಅದು ಸ್ಟೀಲ್ ಡಬ್ಬಿಯಲ್ಲಿ ಗಾಳಿ ಹಿಡಿಯುವ ಬೇರೆ ವಿಧಾನ, ಆದರೂ ಒಂದು ಲ್ಯಾಬಿನಿಂದ ಎಷ್ಟು ನಿರೀಕ್ಷೆ ಮಾಡಬಹುದು ಅನ್ನೋದಕ್ಕೆ ನನಗೆ ಆ ಅಂಕಿಗಳು ಸಾಕು.

ನಮ್ಮ ಮಾಳಿಗೆಯ ಗಾಳಿಯಲ್ಲಿ ಎಷ್ಟು ಬಂತು ಅಂತ ನೀವು ಕೇಳುತ್ತೀರಿ. ಅದನ್ನು ಇಲ್ಲಿ ಬರೆಯಲ್ಲ. ಒಂದು ದಿನದ ಅಂಕಿ ಹಿಡಿದು ವರ್ಷದ ಮಿತಿಗೆ ಹೋಲಿಸಿ ಯಾರ ಕಡೆಗೂ ಬೆರಳು ತೋರಿಸೋದು ಸರಿಯಲ್ಲ. ಪಕ್ಕದಲ್ಲೇ ದೊಡ್ಡ ರಸ್ತೆ ಇದೆ, ಗಾಡಿಗಳಿಂದಲೂ ಬೆಂಜೀನ್ ಬರುತ್ತದೆ. ಗಾಳಿ ಬೀಸುವ ದಿಕ್ಕು ನೋಡಿ ಫೌಂಡ್ರಿಯ ಆಚೆಗೊಂದು ಈಚೆಗೊಂದು ಟ್ಯೂಬ್ ಹಚ್ಚಿ ವ್ಯತ್ಯಾಸ ನೋಡುವವರೆಗೂ ನಾನು ಏನೂ ಹೇಳಲಾರೆ. ಕಣ್ಣು ಉರಿಸುವ ಆ ಘಾಟಿನಲ್ಲಿ ಫಾರ್ಮಾಲ್ಡಿಹೈಡ್ ಇದ್ದರೆ ಅದು ಇದ್ದಿಲ ಟ್ಯೂಬಿನಲ್ಲಿ ಸಿಗುವುದೇ ಇಲ್ಲ, ಅದಕ್ಕೆ ಡಿಎನ್‌ಪಿಎಚ್ ಅನ್ನೋ ರಾಸಾಯನಿಕ ಲೇಪಿಸಿದ ಬೇರೆ ಟ್ಯೂಬ್ ಬೇಕು. ಆ 12ರ ಪಟ್ಟಿಯಲ್ಲೂ ಅದು ಇಲ್ಲ.

ಇಷ್ಟೆಲ್ಲ ಮಾಡಿದ್ದು ನಾವು, 26 ಮನೆಯವರು. ಇದು ನಮ್ಮ ಕೆಲಸವೇ ಅಲ್ಲ. ನನ್ನ ದೊಡ್ಡ ಚಿಂತೆ ಇರೋದು ಇನ್ನೊಂದು ಕಡೆ. ಕಾರ್ಖಾನೆಗಳು ತಮ್ಮ ಗಾಳಿಯನ್ನು ಆಗಾಗ ಪರೀಕ್ಷೆ ಮಾಡಿಸಿ ರಿಪೋರ್ಟ್ ಕೊಡಬೇಕು, 1981ರ ವಾಯು ಕಾಯ್ದೆಯಡಿ ಅನುಮತಿ ಕೊಡುವಾಗಲೇ ಆ ಷರತ್ತು ಹಾಕುತ್ತಾರೆ. ಲ್ಯಾಬನ್ನು ಆರಿಸುವವರು ಯಾರು? ಕಾರ್ಖಾನೆಯವರು. ದುಡ್ಡು ಕೊಡುವವರು? ಅವರೇ. ಮುಂದಿನ ಸಲ ಕೆಲಸ ಕೊಡಬೇಕೋ ಬೇಡವೋ ತೀರ್ಮಾನಿಸುವವರೂ ಅವರೇ. ಲ್ಯಾಬಿನ ಹುಡುಗ ಎಷ್ಟೇ ಪ್ರಾಮಾಣಿಕನಾಗಿರಲಿ, ಅವನ ಮೇಲೆ ಒತ್ತಡ ಇರಲ್ವಾ?

ಗುಜರಾತಿನಲ್ಲಿ ಈ ಪದ್ಧತಿಯನ್ನು ನಿಜವಾಗಿ ಬದಲಿಸಿ ನೋಡಿದ್ದಾರೆ. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಅಲ್ಲಿನ ಮಾಲಿನ್ಯ ನಿಯಂತ್ರಣ ಮಂಡಳಿಯ ಜೊತೆ ಸೇರಿ, ಅಹಮದಾಬಾದ್ ಮತ್ತು ಸೂರತ್ ಭಾಗದ 473 ಕಾರ್ಖಾನೆಗಳಲ್ಲಿ ಪ್ರಯೋಗ ಮಾಡಿದರು. ಒಂದಷ್ಟು ಕಾರ್ಖಾನೆಗಳಲ್ಲಿ ಹಳೆಯ ಪದ್ಧತಿ ಮುಂದುವರಿಯಿತು. ಉಳಿದ ಕಡೆ ಮಾಲಿನ್ಯ ಅಳೆಯುವ ಆಡಿಟರನ್ನು ಚೀಟಿ ಎತ್ತಿದ ಹಾಗೆ ಹಂಚಿದರು, ಸಂಬಳ ಒಂದು ಸಾಮಾನ್ಯ ನಿಧಿಯಿಂದ ಕೊಟ್ಟರು, ಅವರು ಅಳೆದು ಹೋದ ಮೇಲೆ ಕೆಲವು ಕಡೆ ಬೇರೆಯವರನ್ನು ಕಳಿಸಿ ಮತ್ತೆ ಅಳೆಸಿದರು. 2013ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಹಳೆಯ ಪದ್ಧತಿಯಲ್ಲಿ ರಿಪೋರ್ಟಿನ ಅಂಕಿಗಳು ಮಿತಿಯ ಸ್ವಲ್ಪ ಕೆಳಗೆ ಬಂದು ಗುಂಪುಗೂಡುತ್ತಿದ್ದವು, ನಿಜವಾದ ಅಂಕಿ ಎಷ್ಟೋ ಕಡೆ ಮೇಲಿತ್ತು. ಹೊಸ ಪದ್ಧತಿಯಲ್ಲಿ ಮಿತಿಯೊಳಗಿದೆ ಅಂತ ಸುಳ್ಳು ಬರೆಯೋದು ಶೇ 80ರಷ್ಟು ಕಡಿಮೆಯಾಯಿತು, ಕಾರ್ಖಾನೆಗಳೂ ಹೊಗೆ ಕಡಿಮೆ ಮಾಡಿದವು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಮ್ಮದೇ ದೇಶದಲ್ಲಿ, ನಮ್ಮಂಥದೇ ಊರುಗಳಲ್ಲಿ ಆಗಿದೆ, ಬೆಳಗಾವಿಯಲ್ಲಿ ಯಾಕೆ ಆಗಬಾರದು?

ನಾನು ಕೇಳೋದು ದೊಡ್ಡ ಯೋಜನೆ ಏನಲ್ಲ. ಉದ್ಯಮಬಾಗ, ಮಚ್ಛೆ, ಹೊನಗಾ ಕಡೆಯ ಕಾರ್ಖಾನೆಗಳ ಪರೀಕ್ಷೆಯ ದುಡ್ಡು ಒಂದೇ ಖಾತೆಗೆ ಬರಲಿ. ಯಾವ ಲ್ಯಾಬು ಯಾವ ಕಾರ್ಖಾನೆಗೆ ಅನ್ನೋದನ್ನು ಅಧಿಕಾರಿಗಳೇ ಚೀಟಿ ಎತ್ತಿ ಹೇಳಲಿ. ಪ್ರತಿ ಕಂತಿನಲ್ಲಿ ಗುಟ್ಟಾಗಿ ಒಂದು ಖಾಲಿ ಟ್ಯೂಬು, ಒಂದು ಗೊತ್ತಿರುವ ಟ್ಯೂಬು ಸೇರಿಸಲಿ, ಅದರ ಉತ್ತರ ಸಾರ್ವಜನಿಕವಾಗಿ ಹಾಕಲಿ. ಲ್ಯಾಬುಗಳು ಹೋಲಿಕೆ ಪರೀಕ್ಷೆಗಳಲ್ಲಿ ಪಡೆದ ಝಡ್ ಸ್ಕೋರ್, ಅಂದರೆ ಸರಿಯಾದ ಉತ್ತರದಿಂದ ಎಷ್ಟು ದೂರ ಇದ್ದಾರೆ ಅನ್ನೋ ಅಂಕ, ಕೂಡ ಹಾಕಲಿ. ಅದನ್ನು ಓದೋದು ಕಷ್ಟವಲ್ಲ, ಸೊನ್ನೆಯಿಂದ ಆಚೆ ಈಚೆ 2ರೊಳಗೆ ಇದ್ದರೆ ಸರಿ, 2ರಿಂದ 3ರ ನಡುವೆ ಇದ್ದರೆ ಅನುಮಾನ, 3 ಮುಟ್ಟಿದರೆ ಆ ಲ್ಯಾಬು ಎಲ್ಲೋ ಎಡವಿದೆ. ಇನ್ನು ರಿಪೋರ್ಟಿನಲ್ಲಿ ಬರೀ ‘ಬಿಡಿಎಲ್’ ಅಂತ ಬರೆಯೋದನ್ನು ಮೊದಲು ನಿಲ್ಲಿಸಬೇಕು. ಎಷ್ಟಕ್ಕಿಂತ ಕಡಿಮೆ ಅನ್ನೋ ಅಂಕಿ, ಎಷ್ಟು ಲೀಟರ್ ಗಾಳಿ, ಯಾವ ಹೊತ್ತು, ಆಗ ಕಾರ್ಖಾನೆಯಲ್ಲಿ ಎರಕ ನಡೆಯುತ್ತಿತ್ತೋ ಇಲ್ಲವೋ, ಇಷ್ಟು ಅದೇ ಸಾಲಿನಲ್ಲಿ ಇರಲೇಬೇಕು. ಇದಕ್ಕೆ ಹೊಸ ಮಶೀನೂ ಬೇಕಾಗಿಲ್ಲ, ಹೊಸ ಕಾನೂನೂ ಬೇಕಾಗಿಲ್ಲ.

ನಮ್ಮ ಓಣಿಯ ಥರವೇ ಬೇರೆ ಬಡಾವಣೆಯವರೂ ದುಡ್ಡು ಹಾಕಿ ಪರೀಕ್ಷೆ ಮಾಡಿಸಿರುತ್ತೀರಿ. ರಿಪೋರ್ಟು ಮನೆಯಲ್ಲಿದ್ದರೆ ಇವತ್ತೇ ತೆಗೆದು ಕೊನೆಯ ಪುಟದ ಬುಡದ ಸಣ್ಣ ಅಕ್ಷರ ಓದಿ, ಲ್ಯಾಬಿಗೆ ಫೋನು ಮಾಡಿ ಎಷ್ಟಿದ್ದರೆ ಕಾಣುತ್ತದೆ ಅಂತ ಕೇಳಿ. ಹತ್ತಿರದ ಕಾರ್ಖಾನೆ ಸಲ್ಲಿಸಿದ ರಿಪೋರ್ಟು ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಸುಮ್ನೆ ಸೀಲು ನೋಡಿ ಮಡಚಿ ಇಡಬೇಡಿ, ನಾವು ಒಮ್ಮೆ ಹಾಗೆ ಮಾಡಿ ಎರಡು ತಿಂಗಳು ಕಳೆದುಕೊಂಡೆವು.

ಸಂಪಾದಕರೇ, ಬರುವ ಜನವರಿಯಲ್ಲಿ ನಾವು ಮತ್ತೆ ಟ್ಯೂಬ್ ಹಚ್ಚುತ್ತೇವೆ. ಈ ಸಲ ಫೌಂಡ್ರಿಯ ಎರಡೂ ಬದಿಗೆ, ಮಾಲೀಕರೂ ಒಪ್ಪಿದ್ದಾರೆ, ಅವರ ಗೋಡೆಯ ಮೇಲೇ ಒಂದು ಪಂಪ್ ಇಡೋಕೆ ಜಾಗ ಕೊಡುತ್ತೇನೆ ಅಂದಿದ್ದಾರೆ. ನಿಮ್ಮ ವರದಿಗಾರರನ್ನು ಕಳಿಸಿಕೊಡಿ. ರಾತ್ರಿ ಎಂಟಕ್ಕೆ ಬರಲಿ, ಹೊಯ್ಯೋದು ಆಗಲೇ ಶುರುವಾಗೋದು. ಖಾಲಿ ಟ್ಯೂಬು ಯಾವುದು ಅನ್ನೋ ಚೀಟಿಯನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ಅವರ ಕೈಗೇ ಕೊಡುತ್ತೇವೆ, ಲ್ಯಾಬಿನ ಉತ್ತರ ಬಂದ ಮೇಲೆ ಅವರೇ ಒಡೆಯಲಿ.

ಇಂತಿ,
ನಿವೃತ್ತ ಫೌಂಡ್ರಿ ನೌಕರ,
ಬೆಳಗಾವಿ